ಹೀರೋಯಿನ್ ಸಣ್ಣ ಆದಳು, ನಾವೇನು ಮಾಡೋಣ?

ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಬ್ಲೌಸ್ ಹೊಲಿಯಲು ಶುರು ಮಾಡಿ 22 ವರ್ಷ ಆಯಿತು. ಮೊದಲೆಲ್ಲ ಗಿರಾಕಿಗಳು ಅಳತೆಗೆ ಹಳೆ ಬ್ಲೌಸ್ ತರುತ್ತಿದ್ದರು. ಈಗ ಫೋನ್ ತರುತ್ತಾರೆ. "ಅಕ್ಕ, ಈ ಫೋಟೋದಲ್ಲಿ ಇರೋ ಹಾಗೇ ಬರಬೇಕು." ಬ್ಲೌಸ್ ಏನೋ ಬರುತ್ತದೆ, ಆ ಮೈ ಎಲ್ಲಿಂದ ತರಲಿ?

ಹೋದ ತಿಂಗಳು ಒಬ್ಬಳು ಹುಡುಗಿ ಬಂದಿದ್ದಳು. ಮದುವೆಗೆ ಆರು ವಾರ ಇತ್ತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತಳು. "ಉಸಿರು ಬಿಡಮ್ಮ" ಅಂದೆ. "ಬಿಟ್ರೆ 36 ಬರುತ್ತೆ ಅಕ್ಕ" ಅಂದಳು. ಆಮೇಲೆ ಅವಳ ಸಿಟ್ಟೆಲ್ಲ ಸಣ್ಣ ಆದ ಇಂಗ್ಲೆಂಡಿನ ಗಾಯಕಿ ಅಡೆಲ್ ಮೇಲೆ ತಿರುಗಿತು. "ದಪ್ಪ ಇದ್ದಾಗ ನಮ್ಮವಳು ಅನ್ನಿಸ್ತಿತ್ತು. ಅವಳೂ ಕೈ ಕೊಟ್ಲು." ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೈಯುವ ಮುಂಚೆ, ಆಕೆ ನಮಗೆ ಏನಾದರೂ ಮಾತು ಕೊಟ್ಟಿದ್ದಳಾ ನೋಡಿ. ಅಡೆಲ್ ಎರಡು ವರ್ಷದಲ್ಲಿ ಸುಮಾರು 45 ಕೆಜಿ ಇಳಿಸಿದಳು. ಮನಸ್ಸಿನ ತಳಮಳ ತಡೆಯಲು ವ್ಯಾಯಾಮ ಶುರು ಮಾಡಿದ್ದು ಎಂದು 2021ರಲ್ಲಿ ಹೇಳಿದಳು. ಬೇರೆಯವರಿಗೆ ಅವರ ಮೈ ಬಗ್ಗೆ ಏನನ್ನಿಸುತ್ತದೆ ಅನ್ನೋದಕ್ಕೆ ತಾನು ಜವಾಬ್ದಾರಳಲ್ಲ ಎಂದೂ ಹೇಳಿದಳು. ಓದಿದಾಗ ನನಗೂ ಚುರುಕ್ ಅಂತು. ಆದರೆ ಸುಳ್ಳಲ್ಲವಲ್ಲ. ದಪ್ಪಗೇ ಇರ್ತೀನಿ ಅಂತ ಅವಳು ಯಾವತ್ತೂ ಹೇಳಿರಲಿಲ್ಲ, ನಾವೇ ಅಂದುಕೊಂಡಿದ್ದು. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ದಪ್ಪ ಇರುವವರು ಗುಂಪಾಗಿ ಸೇರಿ ಡಯಟ್ ಪುಸ್ತಕ ಸುಟ್ಟಿದ್ದರು. ಅವರ ಜಗಳ ಇದ್ದದ್ದು ಹೀಯಾಳಿಸುವವರ ಜೊತೆ. ಸಣ್ಣ ಆದವರ ಜೊತೆ ಅಲ್ಲ.

ಮಾಡಿಸಿಕೊಂಡಿದ್ದನ್ನು ಬಿಡಿ, ಮುಚ್ಚಿಟ್ಟಿದ್ದನ್ನು ಕೇಳಿ. ಮೂಗಿಗೆ ಸರ್ಜರಿ ಆಗಿದೆ ಎಂದು ಶ್ರುತಿ ಹಾಸನ್ ಬಾಯಿಬಿಟ್ಟು ಹೇಳಿದ್ದಾರೆ. ಅದರಲ್ಲಿ ನನಗೆ ಏನೂ ತಪ್ಪು ಕಾಣುವುದಿಲ್ಲ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತೂಕ ಇಳಿಸುವ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಪಾಲು ಇಟ್ಟುಕೊಂಡಿದ್ದರು. ಕೊನೆಗೆ 2023ರ ಡಿಸೆಂಬರಿನಲ್ಲಿ ತಾವೂ ತೂಕ ಇಳಿಸಲು ಔಷಧಿ ತೆಗೆದುಕೊಳ್ಳುತ್ತಿರುವುದಾಗಿ ಒಪ್ಪಿಕೊಂಡರು. ಇಂಥವರು ಎಷ್ಟೋ ವಾಸಿ. ಔಷಧಿ ಚುಚ್ಚಿಸಿಕೊಂಡು "ಬರೀ ಜೀರಿಗೆ ನೀರು" ಅನ್ನುವವರದ್ದೇ ತೊಂದರೆ. ಜೀರಿಗೆ ನೀರು ಕುಡಿದೂ ಸಣ್ಣ ಆಗದವಳು ತನ್ನಲ್ಲೇ ಏನೋ ದೋಷ ಇದೆ ಅಂದುಕೊಳ್ಳುತ್ತಾಳೆ.

ಈ ಮೋಸ ನನಗೂ ಗೊತ್ತು. 34ನೇ ವಯಸ್ಸಿನಲ್ಲಿ ಒಂದು ಸ್ಲಿಮ್ಮಿಂಗ್ ಸೆಂಟರಿಗೆ 18,000 ರೂಪಾಯಿ ಕಟ್ಟಿದ್ದೆ. ಮೊದಲ ದಿನ ಅಲ್ಲಿ ಕೆಲಸ ಮಾಡುವ ಹುಡುಗಿ ಹೊಕ್ಕಳಿನ ಮೇಲೆ ಟೇಪು ಸಡಿಲವಾಗಿ ಹಿಡಿದಳು. ಹತ್ತನೇ ದಿನ ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಎಳೆದಳು. "ನೋಡಿ ಮೇಡಂ, ಎರಡು ಇಂಚು ಇಳಿದಿದೆ!" ಟೈಲರ್ ಮುಂದೇನೇ ಟೇಪಿನ ಆಟ!

ಅದಕ್ಕೇ ನಿಮ್ಮ ಅಳತೆ ನೀವೇ ತೆಗೆದುಕೊಳ್ಳಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಟೇಪು ಸುತ್ತಿ. ಉಸಿರು ಮಾಮೂಲಾಗಿ ಬಿಟ್ಟ ಮೇಲೆ ಓದಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ನಮ್ಮ ದೇಶದ ಹೆಂಗಸರಿಗೆ ಡಾಕ್ಟರುಗಳು ಹೇಳುವ ಗಡಿ 80 ಸೆಂಟಿಮೀಟರ್, ನನ್ನ ಲೆಕ್ಕದಲ್ಲಿ 31.5 ಇಂಚು. ಗಂಡಸರಿಗೆ 90 ಸೆಂಟಿಮೀಟರ್. ದಾಟಿದ್ದರೆ ಅಳಬೇಡಿ, ಸಕ್ಕರೆ, ಬಿಪಿ ಚೆಕ್ ಮಾಡಿಸಿ. ನಿಮ್ಮ ಮೈ ನಿಮಗೆ ಇಷ್ಟ ಇದ್ದರೂ ಚೆಕ್ ಮಾಡಿಸಬಹುದು, ಅಲ್ವಾ?

ಸಣ್ಣ ಆದವರನ್ನು ನೋಡಿದಾಗ "ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತೀಯಾ!" ಅಂತ ಬಾಯಿಗೆ ಬರುತ್ತದೆ. ತಡೆಯಿರಿ. ನಾನು ಒಬ್ಬರಿಗೆ ಹಾಗೆ ಅಂದೆ, ಅವರು ಟಿಬಿ ಔಷಧಿಯಲ್ಲಿದ್ದರು. ಈಗ "ಹೇಗಿದ್ದೀರಿ?" ಅಂತ ಮಾತ್ರ ಕೇಳುತ್ತೇನೆ. ದಪ್ಪ ಆದವರಿಗೂ ಅದೇ ಪ್ರಶ್ನೆ. ನಮ್ಮ ಮಂಗಳೂರು ಕಡೆಯ ಅನುಷ್ಕಾ ಶೆಟ್ಟಿ 2015ರ ಒಂದು ಸಿನಿಮಾಕ್ಕಾಗಿ ಬೇಕೆಂದೇ ದಪ್ಪ ಆದರು. ಪಾತ್ರ ಮುಗಿದರೂ ಜನ ಅವರ ಮೈ ಬಗ್ಗೆ ಮಾತಾಡೋದು ಮುಗಿಯಲಿಲ್ಲ.

ಇಷ್ಟಾದ ಮೇಲೂ ನಿಮಗೆ ಏನಾದರೂ ಮಾಡಿಸಿಕೊಳ್ಳಬೇಕು ಅನ್ನಿಸಿದರೆ, ಅದು ನಿಮ್ಮಿಷ್ಟ. ಆದರೆ ಕದ್ದು ಹೋಗಬೇಡಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿ ಆದಮೇಲೆ ತೀರಿಕೊಂಡಳು. ಇನ್ನೂ 21 ವರ್ಷ. ಮನೆಯವರಿಗೆ ಮೊದಲೇ ಹೇಳಿರಲಿಲ್ಲ ಎಂದು ಪೇಪರಿನಲ್ಲಿ ಓದಿ ನನಗೆ ರಾತ್ರಿ ಊಟ ಸೇರಲಿಲ್ಲ.

ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಕೂತು ಕೇಳಿ. ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ವಿಶೇಷ ಪದವಿ, ಅಂದರೆ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದ್ದಾರಾ? ಅರಿವಳಿಕೆ ಕೊಡಲು ಬೇರೆ ಡಾಕ್ಟರ್ ಇರುತ್ತಾರಾ? ಐಸಿಯು ಅಲ್ಲೇ ಇದೆಯಾ, ಆಂಬುಲೆನ್ಸಿನಲ್ಲಿ ಹೋಗಬೇಕಾ? ಖಾಸಗಿ ಆಸ್ಪತ್ರೆಗಳ ಸರ್ಕಾರಿ ನೋಂದಣಿ (ಕೆಪಿಎಂಇ) ತೋರಿಸ್ತೀರಾ? ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಇನ್ನೊಂದು ಮಾತು, ಕೊಬ್ಬು ತೆಗೆಸುವ ಸರ್ಜರಿ, ಅಂದರೆ ಲೈಪೋಸಕ್ಷನ್, ತೂಕ ಇಳಿಸಲು ಅಲ್ಲ, ಅಲ್ಲಲ್ಲಿ ಕೂತ ಕೊಬ್ಬು ತೆಗೆದು ಆಕಾರ ತಿದ್ದಲು.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಈಗ ಜಾಸ್ತಿ ಜನ ಕೇಳುತ್ತಾರೆ. ಅದರಲ್ಲಿ ಒಂದು ಸೆಮಾಗ್ಲುಟೈಡ್, ಅದು ಮೊದಲು ಬಂದದ್ದು ಸಕ್ಕರೆ ಕಾಯಿಲೆಗೆ. ಹಸಿವು ಕಡಿಮೆ ಮಾಡುತ್ತದೆ, ಹೊಟ್ಟೆ ನಿಧಾನಕ್ಕೆ ಖಾಲಿ ಆಗುವಂತೆ ಮಾಡುತ್ತದೆ. ವಾಕರಿಕೆ ಬರಬಹುದು. ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ, ಮದುವೆಗೆ ಆರು ವಾರ ಇದೆ ಅಂತ ತೆಗೆದುಕೊಳ್ಳುವ ವಸ್ತು ಅಲ್ಲ ಅದು.

ಆ ಹುಡುಗಿಗೆ ಉಸಿರು ಬಿಟ್ಟ ಅಳತೆಗೇ ಹೊಲಿದೆ. ಒಳಗೆ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಟ್ಟೆ.

"ನಾನು ಸಣ್ಣ ಆದ್ರೆ?" ಅಂದಳು.

"ಹಿಡಿದು ಕೊಡ್ತೀನಿ."

"ದಪ್ಪ ಆದ್ರೆ?"

"ಬಿಚ್ಚಿ ಕೊಡ್ತೀನಿ. ಯಾವುದಕ್ಕಾದರೂ 60 ರೂಪಾಯಿ."