ಹಳೆಯ ಯೆಜ್ಡಿಯನ್ನು ಮನೆಯಲ್ಲೇ ಸಜ್ಜುಗೊಳಿಸುವುದು ಹೇಗೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಬೈಕುಗಳೂ ಎಪ್ಪತ್ತರ ದಶಕದಿಂದ ಅಲ್ಲೇ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಬೈಕುಗಳೂ ಕರ್ನಾಟಕದ ಎಷ್ಟೋ ಮನೆಗಳ ಹಿತ್ತಲಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ ಇಂದಿಗೂ ನಿಂತಿವೆ. ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಅದೇ ಹೆಸರುಗಳಲ್ಲಿ ಮಾರಾಟವಾಗುತ್ತಿರುವ ಹೊಸ ಬೈಕುಗಳು ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್ನಿನವು. ಅವುಗಳ ಬಿಡಿಭಾಗ ಹಳೆಯವಕ್ಕೆ ಕೂಡುವುದಿಲ್ಲ. ಹೀಗಿದ್ದರೂ ಹಳೆಯ 250 ಸಿಸಿ ಬೈಕನ್ನು ಮನೆಯಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸುವುದು ತಾಳ್ಮೆಯಿರುವ ಯಾರಿಗೂ ಸಾಧ್ಯ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. ಒಳಗೆ ಚಲಿಸುವ ಭಾಗಗಳು ಬಹಳ ಕಡಿಮೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ನಿರ್ಧಾರ ಮಾಡಿಕೊಳ್ಳಬೇಕು. ಮುಂದೊಂದು ದಿನ ಮೊದಲಿನಂತೆಯೇ ಮಾಡಲು ಆಗದ ಯಾವ ಬದಲಾವಣೆಯನ್ನೂ ಈ ಬೈಕಿಗೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕತ್ತರಿಸಿದ ಮಡ್‌ಗಾರ್ಡ್, ಗರಗಸ ಹಾಕಿದ ಚಾಸಿ, ಗುಜರಿಗೆ ಹೋದ ಟ್ಯಾಂಕ್ ಇವುಗಳನ್ನು ಮತ್ತೆ ಮಾಡಿಕೊಡುವ ಕಾರ್ಖಾನೆ ಈಗಿಲ್ಲ. ನಿಮ್ಮ ಇಷ್ಟದಂತೆ ಬೈಕನ್ನು ರೂಪಿಸಲು ಅವಕಾಶ ಬೇಕಾದಷ್ಟಿದೆ, ಆದರೆ ಆ ರೂಪವೆಲ್ಲ ನಟ್ಟು ಬೋಲ್ಟಿನಲ್ಲಿ ಕೂರುವಂಥದ್ದಾಗಿರಲಿ.

ಮೊದಲು ಕಾಗದಪತ್ರ

ಆರ್‌ಸಿಯಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರು ಬೈಕಿನ ಮೇಲೆ ಕೊರೆದಿರುವ ನಂಬರುಗಳಿಗೆ ಹೊಂದುತ್ತವೆಯೇ ಎಂಬುದನ್ನು ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲೇ ನೋಡಿಕೊಳ್ಳಿ. ತುಕ್ಕು ಅಥವಾ ಬಣ್ಣದ ಅಡಿ ನಂಬರು ಮುಚ್ಚಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ, ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ಫಾರಂ 25ರ ಮೂಲಕ ಅರ್ಜಿ ಹಾಕಿ, ವಾಹನವನ್ನು ತಪಾಸಣೆಗೆ ಒಪ್ಪಿಸಿ, ಹಸಿರು ತೆರಿಗೆ ಕಟ್ಟಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಬೈಕು ಬೇರೆಯವರ ಹೆಸರಿನಲ್ಲಿದ್ದರೆ ವರ್ಗಾವಣೆಗೆ ಫಾರಂ 29 ಮತ್ತು 30, ಮಾಲೀಕರು ತೀರಿಕೊಂಡಿದ್ದು ವಾರಸುದಾರರಿಗೆ ಬರಬೇಕಾಗಿದ್ದರೆ ಫಾರಂ 31 ಬೇಕು. ತಂದೆಯ ಅಥವಾ ಅಜ್ಜನ ಬೈಕನ್ನು ಎತ್ತಿಕೊಳ್ಳುವವರು ಈ ಕೆಲಸವನ್ನು ಕೊನೆಗೆ ತಳ್ಳಿದರೆ, ಹೊಳೆಯುವ ಬೈಕು ಅಂಗಳದಲ್ಲೇ ನಿಲ್ಲಬೇಕಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಬಣ್ಣ ಬದಲಿಸಬಹುದು, ಆದರೆ ಅದನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯೂ ಇದೆ; ಅದರ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಗುರುತಿರುತ್ತದೆ. ಆದರೆ ಆ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅರವತ್ತರ ದಶಕದ ಜಾವಾವನ್ನು ಕತ್ತರಿಸಿದವರು ಈ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ.

ಬಿಚ್ಚುವುದು

ಬಿಚ್ಚುವ ಮೊದಲು ಎಲ್ಲ ಕೋನಗಳಿಂದಲೂ ಫೋಟೊ ತೆಗೆಯಿರಿ. ವೈರುಗಳು ಯಾವ ದಾರಿಯಲ್ಲಿ ಹೋಗಿವೆ, ಕೇಬಲ್ ಹ್ಯಾಂಡಲಿನ ಯಾವ ಬದಿಗೆ ಬಾಗಿದೆ, ವಾಷರ್ ಒಳಗಿತ್ತೇ ಹೊರಗಿತ್ತೇ ಎಂಬುದನ್ನು ತಿಂಗಳುಗಳ ಬಳಿಕ ನೆನಪಿನಿಂದ ಹೇಳಲು ಯಾರಿಂದಲೂ ಆಗದು. ಪ್ರತಿಯೊಂದು ಭಾಗದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಜಿಪ್ ಚೀಲಗಳಲ್ಲಿ ಹಾಕಿ, ಹೆಸರು ಬರೆದಿಡಿ. ಹಿಡಿದುಕೊಂಡ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಎಂಜಿನ್ ಕವರಿನ ಸ್ಕ್ರೂಗಳಿಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು. ಸಾಮಾನ್ಯ ಸ್ಪ್ಯಾನರ್ ಸೆಟ್ಟಿನ ಜೊತೆಗೆ ಸರ್ಕ್ಲಿಪ್ ಪ್ಲಯರ್, ಫೀಲರ್ ಗೇಜ್, ಮಲ್ಟಿಮೀಟರ್ ಮತ್ತು ಪುಲ್ಲರ್ ಇದ್ದರೆ ಮನೆಯ ಕೆಲಸಕ್ಕೆ ಸಾಕು.

ಬ್ರೇಕ್ ಡ್ರಮ್ ತೆರೆಯುವಾಗ ಒಂದು ಎಚ್ಚರ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಆ ಧೂಳನ್ನು ಗಾಳಿ ಊದಿ ಅಥವಾ ಒಣ ಬ್ರಷ್ಷಿನಿಂದ ತೆಗೆಯಬೇಡಿ. ಮಾಸ್ಕ್ ಧರಿಸಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಎಂಜಿನ್

ವರ್ಷಗಟ್ಟಲೆ ನಿಂತ ಬೈಕಿನ ಕಿಕ್ ಮೇಲೆ ಹತ್ತಿ ತುಳಿಯುವವರೇ ಹೆಚ್ಚು. ಇದು ಸಲ್ಲದು. ಜಾವಾ ಮತ್ತು ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ ಲಿವರ್ ಆಗುತ್ತದೆ. ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡಿರುವಾಗ ಬಲವಂತ ಮಾಡಿದರೆ ಆ ಲಿವರಿನ ಹಿಂದಿನ ಹಲ್ಲುಗಳು ಸವೆಯುತ್ತವೆ, ಅದರ ಶಾಫ್ಟೂ ಬಾಗಬಹುದು. ಪ್ಲಗ್ ತೆಗೆದು, ಆ ರಂಧ್ರದಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು, ಕೆಲವು ದಿನ ಬಿಡಿ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಅಲುಗಾಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ಹೆಡ್ ಮತ್ತು ಸಿಲಿಂಡರ್ ತೆಗೆದ ಮೇಲೆ ಬೋರಿನ, ಅಂದರೆ ಸಿಲಿಂಡರಿನ ಒಳಗಿನ ಗೋಡೆಗೆ ಉಗುರು ತಾಗಿಸಿ ನೋಡಿ. ಗೀರುಗಳು ಉಗುರಿಗೆ ಸಿಗುವಷ್ಟು ಆಳವಾಗಿದ್ದರೆ ಲೇತಿನವರಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಮೂಲ ಬೋರ್ 65 ಮಿ.ಮೀ.; ಓವರ್‌ಸೈಜ್ ಪಿಸ್ಟನ್ನುಗಳು 0.25 ಮಿ.ಮೀ. ಅಂತರದಲ್ಲಿ ಏರುತ್ತಾ ಹೋಗುತ್ತವೆ. ಪಿಸ್ಟನ್ ಕೈಗೆ ಬರುವ ಮೊದಲೇ ಬೋರ್ ಮಾಡಿಸಬೇಡಿ; ಪಿಸ್ಟನ್ನನ್ನು ಅಳೆದು, ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯುವುದೇ ಸರಿಯಾದ ಕ್ರಮ. ಜೋಡಿಸುವಾಗ ರಿಂಗಿನ ಎರಡು ತುದಿಗಳ ನಡುವೆ ಪಿಸ್ಟನ್ನಿನ ಸಣ್ಣ ಪಿನ್ನು ಕೂರಬೇಕು. ಅದು ರಿಂಗ್ ತಿರುಗಿ ಅದರ ತುದಿ ಸಿಲಿಂಡರ್ ಗೋಡೆಯ ಕಿಂಡಿಯಾದ ಪೋರ್ಟಿನ ಬಾಯಿಗೆ ಸಿಕ್ಕಿಕೊಳ್ಳದಂತೆ ತಡೆಯುತ್ತದೆ.

ನನ್ನ ದೃಷ್ಟಿಯಲ್ಲಿ ಇಡೀ ಎಂಜಿನ್ನಿನಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವ ಭಾಗ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ದಂಡದ) ಎರಡು ಬದಿಯ ರಬ್ಬರ್ ಸೀಲುಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೇ ಬರುವುದರಿಂದ ಅದು ಗಾಳಿಯಾಡದಂತೆ ಮುಚ್ಚಿರಬೇಕು. ಡೈನಮೊ ಬದಿಯ ಸೀಲ್ ಗಟ್ಟಿಯಾಗಿ ಬಿರಿದರೆ ಹೊರಗಿನ ಗಾಳಿ ಒಳಸೇರಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಎಂಜಿನ್ ಅತಿಯಾಗಿ ಕಾಯ್ದು, ಹೊಸ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲ್ ಎಳೆದುಕೊಂಡು ದಟ್ಟವಾದ ಬಿಳಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ಎಷ್ಟೋ ಮಂದಿ ಇದನ್ನು ಪಿಸ್ಟನ್ನಿನ ದೋಷವೆಂದು ಭಾವಿಸಿ ಎರಡೆರಡು ಸಲ ಬೋರ್ ಮಾಡಿಸುತ್ತಾರೆ. ಎಂಜಿನ್ ಬಿಚ್ಚಿದ್ದೇ ಆದರೆ, ನೋಡಲು ಚೆನ್ನಾಗಿದ್ದರೂ ಎರಡೂ ಸೀಲುಗಳನ್ನು ಬದಲಿಸಿ.

ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ಆಟ ಕಂಡರೆ ಕ್ರ್ಯಾಂಕ್ ಬಿಚ್ಚಿ ಹೊಸ ಪಿನ್ನು, ಬೇರಿಂಗ್ ಹಾಕಬೇಕು. ಇದೊಂದು ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಒತ್ತಿ ಕೂರಿಸಿದ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಡಯಲ್ ಗೇಜಿನಲ್ಲಿ ನೇರ ಮಾಡುವ ಅನುಭವಿ ಲೇತಿನವರಿಗೇ ಕೊಡಬೇಕು.

ಎರಡು ಸೈಲೆನ್ಸರುಗಳ ಒಳಗೆ ವರ್ಷಗಳ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಬೈಕು ಎಳೆಯುವುದಿಲ್ಲ ಎಂಬ ದೂರಿನ ಹಿಂದೆ ಅನೇಕ ಬಾರಿ ಇರುವುದು ಇದೇ. ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಹೊರತೆಗೆದು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಮಸಿ ಬಿಡುತ್ತದೆ. ಕೈಗೆ ದಪ್ಪ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯುಮಿನಿಯಮ್ ಭಾಗಗಳನ್ನು ಇದರಲ್ಲಿ ಅದ್ದಿದರೆ ಅವು ಕರಗುತ್ತವೆ, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲವೂ ಏಳುತ್ತದೆ. ತೊಳೆದ ಬ್ಯಾಫಲನ್ನು ಮರಳಿ ಹಾಕಿ. ಅದಿಲ್ಲದೆ ಓಡಿಸಿದರೆ ಸದ್ದು ಹೆಚ್ಚಿ ದಂಡ ಬೀಳುವುದಷ್ಟೇ ಅಲ್ಲ, ಎಂಜಿನ್ನಿನ ಎಳೆತವೂ ಕೆಡುತ್ತದೆ.

ಟ್ಯಾಂಕ್ ಮತ್ತು ಕಾರ್ಬ್ಯುರೇಟರ್

ಟ್ಯಾಂಕಿನ ಒಳಗಿನ ತುಕ್ಕಿಗೆ ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ದಿನ ಬಿಟ್ಟು, ಒಳಗೆ ಹಿಡಿಯಷ್ಟು ನಟ್ಟುಗಳನ್ನು ಹಾಕಿ ಕುಲುಕಿ. ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ತಕ್ಷಣ ಒಂದಿಷ್ಟು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗಾಗಿ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್) ಸವರಬೇಕು, ಇಲ್ಲವಾದರೆ ಗಂಟೆಗಳಲ್ಲೇ ಮತ್ತೆ ತುಕ್ಕು ಮೂಡುತ್ತದೆ. ಪೆಟ್ರೋಲಿನ ವಾಸನೆ ಇರುವ ಟ್ಯಾಂಕಿಗೆ ಬೆಸುಗೆ ಹಾಕಿಸಬೇಡಿ. ಒಳಗಿನ ಆವಿ ಸಿಡಿದು ಜೀವಕ್ಕೇ ಅಪಾಯವಾಗಬಹುದು.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ ಬೂಚು ಬೇಗ ಹಾಳಾಗುತ್ತವೆ; ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಟ್ಯಾಂಕಿನ ತಳದಲ್ಲಿ ನೀರೂ ಸೇರುತ್ತದೆ. ಪೈಪನ್ನು ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ. ಬೈಕನ್ನು ವಾರಗಟ್ಟಲೆ ಓಡಿಸದಿದ್ದರೆ ಕಾರ್ಬ್ಯುರೇಟರಿನ ಪೆಟ್ರೋಲ್ ಬಸಿದುಬಿಡಿ. ಅದರೊಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಜೆಟ್ಟಿನ ರಂಧ್ರವನ್ನು ಉಕ್ಕಿನ ತಂತಿಯಿಂದ ಚುಚ್ಚಿದರೆ ಅದರ ಅಳತೆಯೇ ಕೆಡುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಗಾಳಿ ಊದಿ ಸ್ವಚ್ಛಗೊಳಿಸಿ.

ವಿದ್ಯುತ್ ಮತ್ತು ಬಣ್ಣ

ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಡೈನಮೊ, ಬ್ಯಾಟರಿ, ಪ್ಲಗ್ಗಿನ ಕಿಡಿಗೆ ಬೇಕಾದ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ. ಹೊಸದಾಗಿ ಕಿಟ್ ತಂದು 12 ವೋಲ್ಟಿಗೆ ಬದಲಿಸುವ ಆತುರ ಬೇಡ. ಚಾಸಿಗೆ ಅರ್ಥ್ ಸಿಗುವ ಜಾಗಗಳ ಬಣ್ಣ ಕೆರೆದು, ಗಟ್ಟಿಯಾದ ಹಳೆಯ ವೈರಿಂಗನ್ನು ಪೂರ್ತಿ ಹೊಸದಾಗಿಸಿ, ಪಾಯಿಂಟುಗಳನ್ನು ಸಣ್ಣ ಮರಳು ಕಾಗದದಿಂದ ಸಮ ಮಾಡಿ, 0.4 ಮಿ.ಮೀ. ಅಂತರ ಇಟ್ಟು, ಒಳ್ಳೆಯ ಬ್ಯಾಟರಿ ಹಾಕಿದರೆ ಮೂಲ ವ್ಯವಸ್ಥೆಯೇ ನೆಚ್ಚಿಗೆಯಿಂದ ಕೆಲಸ ಮಾಡುತ್ತದೆ.

ಬಣ್ಣ ಕೊನೆಗೇ ಬರಬೇಕು. ಮೊದಲು ಎಲ್ಲವನ್ನೂ ಬಣ್ಣವಿಲ್ಲದೆ ಒಮ್ಮೆ ಜೋಡಿಸಿ, ಎಂಜಿನ್ ಓಡಿಸಿ, ಕೂರದ ಬೋಲ್ಟುಗಳನ್ನು ಸರಿಪಡಿಸಿ, ಆಮೇಲೆ ಬಿಚ್ಚಿ ಬಣ್ಣಕ್ಕೆ ಕೊಡಿ. ಇದು ಎರಡು ಪಟ್ಟು ಶ್ರಮವೆನಿಸಿದರೂ ಹೊಸ ಬಣ್ಣದ ಮೇಲೆ ಗೀರು ಬೀಳುವುದು ತಪ್ಪುತ್ತದೆ. ಚಾಸಿಯನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕಳಿಸುವಾಗ ನಂಬರು ಕೊರೆದ ಜಾಗವನ್ನು ಹಲವು ಪದರ ಟೇಪಿನಿಂದ ಮುಚ್ಚಿ. ಮರಳಿನ ಹೊಡೆತಕ್ಕೆ ಅಕ್ಷರ ಸವೆದರೆ, ಅಥವಾ ಪೌಡರ್ ಕೋಟಿಂಗಿನ ದಪ್ಪ ಪದರದಲ್ಲಿ ಹೂತುಹೋದರೆ, ಆರ್‌ಸಿ ನವೀಕರಣವೇ ನಿಂತುಹೋಗುತ್ತದೆ. ಟ್ಯಾಂಕಿನ ಡೆಂಟನ್ನು ಟಿಂಕರಿಂಗ್ ಮಾಡಿಸಿ ಎತ್ತಿಸಬೇಕೇ ಹೊರತು ಪುಟ್ಟಿ ತುಂಬಿ ಮುಚ್ಚಬಾರದು.

ನಿಮ್ಮ ಇಷ್ಟದ ಬದಲಾವಣೆಗಳಿಗೆ ಈಗ ಸಮಯ. ಬೆನ್ನು ನೋವಿರುವವರು ಎತ್ತರದ ಹ್ಯಾಂಡಲ್ ಹಾಕಿಕೊಳ್ಳಲಿ, ಸೀಟಿನ ಫೋಮ್ ಬದಲಿಸಲಿ, ಹಿಂದಿನ ದೀಪ ಚೆನ್ನಾಗಿ ಕಾಣಲು 6 ವೋಲ್ಟಿನ ಎಲ್‌ಇಡಿ ಬಲ್ಬು ಹಾಕಲಿ, ಸಾಮಾನು ಹೊರಲು ಕ್ಯಾರಿಯರ್ ಕೂರಿಸಲಿ. ತೆಗೆದ ಮೂಲ ಭಾಗಗಳಿಗೆ ಎಣ್ಣೆ ಸವರಿ, ಸುತ್ತಿ, ಜೋಪಾನವಾಗಿಡಿ. ಯಾವುದು ಮೂಲ, ಯಾವುದು ನಂತರ ಬಂದದ್ದು ಎಂಬ ಅನುಮಾನವಿದ್ದರೆ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಸೇರುವ ಬೈಕುಗಳನ್ನು ಹತ್ತಿರದಿಂದ ನೋಡಿ ಬನ್ನಿ. ಅಲ್ಲಿಗೆ ಬರುವ ಹಿರಿಯ ಮೆಕ್ಯಾನಿಕ್‌ಗಳು ಕೇಳಿದ್ದಕ್ಕೆಲ್ಲ ಮನಸಾರೆ ಹೇಳಿಕೊಡುತ್ತಾರೆ.

ಮೊದಲ ಓಟ

ಟೈರುಗಳ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಹಳೆಯ ಟೈರಿನಲ್ಲಿ ಕಚ್ಚು ಎಷ್ಟೇ ಉಳಿದಿದ್ದರೂ ರಬ್ಬರ್ ಬಿರಿದಿದ್ದರೆ ಬದಲಿಸಿ. ಬ್ರೇಕ್ ಪರೀಕ್ಷೆಯಾಗದೆ ಗೇಟು ದಾಟಬೇಡಿ.

ಆಯಿಲ್ ಪಂಪ್ ಇಲ್ಲದ ಈ ಎಂಜಿನ್ನಿಗೆ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗಬೇಕಾದ್ದರಿಂದ ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸುವುದನ್ನು ಪ್ರತಿ ಸಲವೂ ಅಳೆದೇ ಮಾಡಿ. 1:25ರ ಹಳೆಯ ಲೆಕ್ಕದಲ್ಲಿ ಲೀಟರಿಗೆ 40 ಮಿ.ಲೀ.; ಹೊಸ ಪಿಸ್ಟನ್ ಹಾಕಿದಾಗ ರನ್ನಿಂಗ್ ಇನ್ (ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಡಾಟ) ಮುಗಿಯುವವರೆಗೆ 50 ಮಿ.ಲೀ. ಆ ಅವಧಿಯಲ್ಲಿ ಥ್ರಾಟಲನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸದೆ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ, ನಡುನಡುವೆ ನಿಲ್ಲಿಸಿ ತಣಿಯಲು ಬಿಡಬೇಕು. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ನಿನಿಂದಲೇ ಬ್ರೇಕ್ ಹಿಡಿಯುತ್ತಾ ಇಳಿದರೆ ಪಿಸ್ಟನ್ನಿಗೆ ಆಯಿಲ್ ಸಿಗದು. ಘಟ್ಟ ಇಳಿಯುವಾಗ ಆಗಾಗ ಸ್ವಲ್ಪ ಥ್ರಾಟಲ್ ಕೊಡುತ್ತಿರಿ. ಮೊದಲ ಓಟದ ನಂತರ, ಎಂಜಿನ್ ಪೂರ್ತಿ ತಣಿದ ಮೇಲೆ, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ ಪ್ಲಗ್ ಬಿಚ್ಚಿ ನೋಡಿ. ಅದರ ತುದಿ ಕಂದು ಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ಸರಿಯಿದೆ. ಒದ್ದೆಯಾಗಿ ಕಪ್ಪಗಿದ್ದರೆ ಕಾರ್ಬ್ಯುರೇಟರಿನ ಸೂಜಿಯನ್ನು ಒಂದು ಮೆಟ್ಟಿಲು ಇಳಿಸಿ. ಬೆಳ್ಳಗಿದ್ದರೆ ಮಾತ್ರ ಅಲ್ಲಿಗೇ ಓಟ ನಿಲ್ಲಿಸಿ, ಗಾಳಿ ಎಲ್ಲಿಂದ ಒಳಸೇರುತ್ತಿದೆ ಎಂದು ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟಿನಿಂದ ಹಿಡಿದು ಕ್ರ್ಯಾಂಕ್ ಸೀಲಿನವರೆಗೆ ಹುಡುಕಿ ಸರಿಪಡಿಸಿದ ಬಳಿಕವೇ ಮತ್ತೆ ಕಿಕ್ ಹೊಡೆಯಿರಿ.