ಅಡಿಕೆ ಕರೆ ಹಿಡಿದ ಕೈ, ಅಲೆನ್ ಟೆಸ್ಟ್ ಮತ್ತು ನಾನು

ಎಬಿಜಿ ಅಂದರೆ ಧಮನಿಯ ರಕ್ತದಲ್ಲಿ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ನೋಡುವ ಪರೀಕ್ಷೆ. ಅದಕ್ಕೆ ರಕ್ತ ತೆಗೆಯುವುದು ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಯ ರೇಡಿಯಲ್ ಧಮನಿಯಿಂದ. ಚುಚ್ಚಿದ ಮೇಲೆ ಅದು ಮುಚ್ಚಿಕೊಂಡರೆ, ಕಿರುಬೆರಳಿನ ಕಡೆಯ ಅಲ್ನಾರ್ ಧಮನಿಯೇ ಇಡೀ ಕೈಗೆ ರಕ್ತ ಕೊಡಬೇಕು. ಅದಕ್ಕೆ ಆ ತಾಕತ್ತು ಇದೆಯಾ ಅಂತ ಮೊದಲೇ ನೋಡುವುದು ಅಲೆನ್ ಟೆಸ್ಟ್. 1929ರಲ್ಲಿ ಎಡ್ಗರ್ ಅಲೆನ್ ಇದನ್ನು ವಿವರಿಸಿದ್ದು ಬರ್ಗರ್ ಕಾಯಿಲೆಯವರಿಗಾಗಿ. ಬೀಡಿ ಸಿಗರೇಟು ಸೇದುವವರ ಕೈಕಾಲಿನ ರಕ್ತನಾಳ ಮುಚ್ಚುವ ಕಾಯಿಲೆ ಅದು.

ರೋಗಿಗೆ ಗಟ್ಟಿ ಮುಷ್ಟಿ ಹಿಡಿಯಲು ಹೇಳಿ, ಎರಡೂ ಧಮನಿ ಒತ್ತಿ ಹಿಡಿಯುತ್ತೇನೆ. "ಎಂತ ಸಿಸ್ಟರೇ, ಕೈ ನೋಡಿ ಜಾತಕ ಹೇಳ್ತೀರಾ?" ಅಂತ ಬದಿಯಡ್ಕ ಕಡೆಯ ಅಜ್ಜ ಒಬ್ಬರು ಕೇಳಿದ್ದರು. ಅರ್ಧ ನಿಮಿಷದ ನಂತರ ಮುಷ್ಟಿ ಬಿಡಿಸಿದರೆ ಅಂಗೈ ಬಿಳುಚಿರುತ್ತದೆ. ಬೆರಳು ಪೂರ್ತಿ ಚಾಚಲು ಬಿಡಬಾರದು, ಚಾಚಿದರೆ ಸುಮ್ನೆ ಬಿಳಿಯಾಗಿಯೇ ಕಾಣುತ್ತದೆ. ಆಮೇಲೆ ಅಲ್ನಾರ್ ಮೇಲಿನ ಒತ್ತು ಮಾತ್ರ ಬಿಡುತ್ತೇನೆ. ಐದಾರು ಸೆಕೆಂಡಿನಲ್ಲಿ ಕೆಂಪು ಮರಳಿದರೆ ಸರಿ. ಹತ್ತು ದಾಟಿದರೆ ನಾನು ಆ ಕೈ ಬಿಟ್ಟು ಇನ್ನೊಂದನ್ನು ನೋಡುತ್ತೇನೆ.

ಪುಸ್ತಕದಲ್ಲಿ ಇಷ್ಟೇ. ನಮ್ಮ ಕಾಸರಗೋಡಿನ ಕೈಗಳು ಬೇರೆ. ಹಸಿ ಅಡಿಕೆ ಸುಲಿದವರ ಅಂಗೈ ಕರೆಯಿಂದ ಕಪ್ಪಾಗಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಹಾರೆ ಹಿಡಿದವರ ಚರ್ಮ ದಡ್ಡುಗಟ್ಟಿರುತ್ತದೆ. ಬಿಳುಪು ಯಾವುದು, ಕೆಂಪು ಯಾವುದು? ರಕ್ತ ಕಡಿಮೆ ಇರುವ ಹೆಂಗಸರಲ್ಲಿ ಅಂಗೈ ಮೊದಲೇ ಬಿಳಿ. ಪ್ರಜ್ಞೆ ಇಲ್ಲದವರಿಗೆ ಮುಷ್ಟಿ ಹಿಡಿಯಲು ಹೇಳುವುದೂ ಆಗುವುದಿಲ್ಲ.

ಇಂಥವರಿಗೆ ಹೆಬ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ರೇಡಿಯಲ್ ಮಾತ್ರ ಒತ್ತುತ್ತೇನೆ. ಮಾನಿಟರಿನಲ್ಲಿ ನಾಡಿಯ ಅಲೆ ಉಳಿದರೆ ಅಲ್ನಾರ್ ಕೆಲಸ ಮಾಡುತ್ತಿದೆ. ಅಲೆ ಮಲಗಿ ಎರಡು ನಿಮಿಷದಲ್ಲೂ ಏಳದಿದ್ದರೆ ಆ ಕೈ ಮುಟ್ಟುವುದಿಲ್ಲ. ಆಮ್ಲಜನಕದ ಸಂಖ್ಯೆಗಿಂತ ಅಲೆ ನೋಡುವುದು ಮುಖ್ಯ. ಕೈ ತಣ್ಣಗಿದ್ದರೆ ಮೊದಲು ಬಿಸಿ ಮಾಡಿಕೊಳ್ಳಬೇಕು.

ಈ ಟೆಸ್ಟ್ ಸರಿ ಬಂದರೆ ಮುಂದೆ ತೊಂದರೆಯೇ ಇಲ್ಲ ಅಂತ ಅಲ್ಲ. ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡುವ ಎಷ್ಟೋ ವೈದ್ಯರು ಈಗ ಇದನ್ನು ನೆಚ್ಚಿಕೊಳ್ಳುವುದಿಲ್ಲ. ಆದರೂ ನಾನು ಬಿಟ್ಟಿಲ್ಲ. ನಮ್ಮಲ್ಲಿ ಬರುವ ಹಲವರಿಗೆ ಮಂಗಳೂರಿನಲ್ಲಿ ಬಲಗೈಯಿಂದಲೇ ಆಂಜಿಯೋಗ್ರಾಂ ಆಗಿರುತ್ತದೆ. ಆಗ ರೇಡಿಯಲ್ ಮುಚ್ಚಿಕೊಂಡಿದ್ದರೂ ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ಎರಡನ್ನೂ ಮತ್ತೆ ಒತ್ತಿ, ಈ ಸಲ ರೇಡಿಯಲ್ ಮೇಲಿನ ಒತ್ತು ಮಾತ್ರ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ. ಕೈ ಬಿಳಿಯಾಗಿಯೇ ಉಳಿದರೆ ಡಾಕ್ಟರಿಗೆ ಹೇಳಿ, ಎಡಗೈ ಹಿಡಿಯುತ್ತೇನೆ.