ಗೀರು ಮುಚ್ಚಿದ ಮಾತ್ರಕ್ಕೆ ಗಾಯ ಮಾಯಿತೇ? ದಾವಣಗೆರೆಯ ಲ್ಯಾಬಿನಲ್ಲಿ ಚರ್ಮದ ಸೆಲ್ ಬೆಳೆಸಿದ ಅನುಭವ

ಅರಿಶಿನವೋ ಲೋಳೆಸರವೋ ಒಂದೆಲಗವೋ, ಯಾವುದಾದರೊಂದರ ಸಾರ ತೆಗೆದು, ಪ್ಲೇಟಿನಲ್ಲಿ ಬೆಳೆದ ಸೆಲ್‌ಗಳ ನಡುವೆ ಒಂದು ಗೀರು ಎಳೆದು, ಮರುದಿನ ಅದು ಮುಚ್ಚಿದ ಫೋಟೋ ತೋರಿಸಿ ‘ಗಾಯ ಮಾಯಿಸುವ ಗುಣವಿದೆ’ ಎಂದು ಬರೆಯುವ ಪ್ರಾಜೆಕ್ಟ್‌ಗಳು ಬಹಳ. ಪರೀಕ್ಷೆ ಒಳ್ಳೆಯದೇ. ಆದರೆ ಅದು ಅಳೆಯುವುದು ಸೆಲ್‌ಗಳ ಓಡಾಟವನ್ನು. ಗಾಯ ಹೇಗೆ ಮಾಯುತ್ತದೆ, ಕಲೆ ಎಷ್ಟು ದಪ್ಪವಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕಲೆಯ ಪ್ರಶ್ನೆ ಇದ್ದರೆ ನಾನು ಗೀರಿನ ಜೊತೆಗೆ ಚರ್ಮದ ನಾರಿನ ಪ್ರೋಟೀನಾದ ಕೊಲಾಜೆನ್‌ನ ಜೆಲ್ಲನ್ನೂ ಮಾಡಿ, ಒಳಗಿನ ಸೆಲ್‌ಗಳು ಅದನ್ನು ಎಷ್ಟು ಎಳೆದು ಕುಗ್ಗಿಸುತ್ತವೆ ಎಂದು ನೋಡುತ್ತೇನೆ.

ಚರ್ಮ ಬರುವುದು ಆಪರೇಷನ್ ಥಿಯೇಟರಿನಿಂದ: ಸುನ್ನತಿಯಲ್ಲಿ ತೆಗೆದ ಮುಂದೊಗಲು, ಇಲ್ಲವೇ ಹೊಟ್ಟೆಯ ಆಪರೇಷನ್‌ನಲ್ಲಿ ಕತ್ತರಿಸಿ ಬಿಸಾಡುವ ತುಂಡು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಮತ್ತು ಲಿಖಿತ ಸಮ್ಮತಿ (ಮಗುವಾದರೆ ತಂದೆ-ತಾಯಿಯದು) ಇಲ್ಲದೆ ಟ್ಯೂಬ್ ಮುಟ್ಟುವುದಿಲ್ಲ. ಟ್ಯೂಬಿನ ಮೇಲೆ ಹೆಸರಿರಬಾರದು. ನಂಬರ್, ವಯಸ್ಸು, ದೇಹದ ಯಾವ ಭಾಗ ಎಂಬುದಿಷ್ಟು ಸಾಕು. ಭಾಗ ಬರೆಯಲೇಬೇಕು, ಏಕೆಂದರೆ ಎದೆಯ ಫೈಬ್ರೋಬ್ಲಾಸ್ಟ್ (ಒಳಚರ್ಮದಲ್ಲಿ ನಾರು ಕಟ್ಟುವ ಸೆಲ್) ಮತ್ತು ಅಂಗಾಲಿನ ಫೈಬ್ರೋಬ್ಲಾಸ್ಟ್ ಪ್ಲೇಟಿಗೆ ಬಂದ ಮೇಲೂ ಒಂದೇ ಥರ ವರ್ತಿಸುವುದಿಲ್ಲ. ಥಿಯೇಟರಿನಲ್ಲಿ ಯಾವ ತುಂಡು ತೆಗೆದರೂ ಫಾರ್ಮಲಿನ್‌ಗೆ ಹಾಕುವುದು ಕೈಗೆ ಕೂತ ರೂಢಿ. ಒಮ್ಮೆ ಅದರಲ್ಲಿ ಬಿದ್ದ ಚರ್ಮದಿಂದ ಒಂದು ಸೆಲ್ಲೂ ಬೆಳೆಯುವುದಿಲ್ಲ. ಅದಕ್ಕೆ ಗುಲಾಬಿ ಮೀಡಿಯಂ ತುಂಬಿದ 50 ಮಿಲೀ ಟ್ಯೂಬುಗಳನ್ನು ಹಿಂದಿನ ದಿನವೇ ಕೊಟ್ಟು, ಮೇಲೆ ದಪ್ಪಕ್ಷರದಲ್ಲಿ ‘ಫಾರ್ಮಲಿನ್ ಬೇಡ’ ಎಂದು ಬರೆದಿರುತ್ತೇನೆ. ಮೀಡಿಯಂ ಎಂದರೆ ಸೆಲ್‌ಗೆ ಆಹಾರವಾಗುವ ಡಿಎಂಇಎಂ ದ್ರಾವಣ, ಅದಕ್ಕೆ ಮಾಮೂಲಿನ ಎರಡು ಪಟ್ಟು ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್, ಜೊತೆಗೆ ಮಿಲೀಗೆ 2.5 ಮೈಕ್ರೋಗ್ರಾಂ, ಬೂಷ್ಟು ತಡೆಯುವ ಆಂಫೊಟೆರಿಸಿನ್. ಟ್ಯೂಬ್ ಐಸ್ ಡಬ್ಬಿಯಲ್ಲಿ ಬರಬೇಕು, ಆದರೆ ಚರ್ಮ ಹೆಪ್ಪುಗಟ್ಟಬಾರದು. 24 ಗಂಟೆಯೊಳಗೆ ಕೆಲಸಕ್ಕೆ ಕೂರಬೇಕು.

ಅದೇ ಆಂಟಿಬಯೋಟಿಕ್ ಹಾಕಿದ, ಹದವಾದ ಉಪ್ಪುನೀರಾದ ಪಿಬಿಎಸ್‌ನಲ್ಲಿ ಐದೈದು ನಿಮಿಷ ಮೂರು ಸಲ ತೊಳೆದು, 70% ಆಲ್ಕೋಹಾಲಿನಲ್ಲಿ 30 ಸೆಕೆಂಡ್ ಅದ್ದಿ, ಮತ್ತೆ ಪಿಬಿಎಸ್. ಹಳದಿ ಕೊಬ್ಬನ್ನು ಕತ್ತರಿಯಿಂದ ಪೂರ್ತಿ ತೆಗೆಯಬೇಕು. ಉಳಿದರೆ ತುಂಡು ತೇಲುತ್ತದೆ. ಎರಡು ಸ್ಕಾಲ್ಪೆಲ್ ಬ್ಲೇಡ್‌ಗಳನ್ನು ಕತ್ತರಿಯಂತೆ ಎದುರುಬದುರು ಎಳೆದು 1–2 ಮಿಮೀ ಚೂರು ಮಾಡುತ್ತೇನೆ. ಗರಗಸದಂತೆ ಉಜ್ಜಿದರೆ ಅಂಚು ಜಜ್ಜಿಹೋಗುತ್ತದೆ, ಸೆಲ್ ಹೊರಬರುವುದು ಆ ಅಂಚಿನಿಂದಲೇ.

60 ಮಿಮೀ ಡಿಶ್‌ನ ತಳವನ್ನು ಬ್ಲೇಡಿನಿಂದ ಅಲ್ಲಲ್ಲಿ ಗೀಚಿ 15–20 ಚೂರು ಕೂರಿಸಿ, ಮುಚ್ಚಳ ಮುಚ್ಚಿ ಇನ್‌ಕ್ಯುಬೇಟರಿನಲ್ಲಿ 20–30 ನಿಮಿಷ ಬಿಡಬೇಕು. ಚೂರು ಅಂಟಿಕೊಳ್ಳಬೇಕು, ಒಣಗಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ಕ್ಯಾಬಿನೆಟ್ಟಿನ ಗಾಳಿಯಲ್ಲಿ ಮುಚ್ಚಳ ತೆರೆದಿಟ್ಟರೆ ಹತ್ತು ನಿಮಿಷಕ್ಕೇ ಅಂಚು ಮುರುಟುತ್ತದೆ. ನಂತರ 10% ಸೀರಂ (ರಕ್ತದ ತಿಳಿಭಾಗ) ಇರುವ ಮೀಡಿಯಂ 1 ಮಿಲೀ ಮಾತ್ರ, ಡಿಶ್‌ನ ಗೋಡೆಯ ಮೇಲಿಂದ ನಿಧಾನ. ತೇಲಿದ ಚೂರು ಲೆಕ್ಕಕ್ಕಿಲ್ಲ. ಮರುದಿನ 3 ಮಿಲೀಗೆ ಏರಿಸಿ, ಐದು ದಿನ ಡಿಶ್ ಅಲ್ಲಾಡಿಸಬಾರದು. ಎಲ್ಲರೂ ಸೋಲುವುದು ಇಲ್ಲೇ. ದಿನಕ್ಕೆರಡು ಸಲ ಮೈಕ್ರೋಸ್ಕೋಪಿನಡಿ ಇಟ್ಟು ನೋಡುವ ಚಪಲ.

ಮೊದಲು ಕಾಣಿಸುವುದು ಕಲ್ಲು ಹಾಸಿದಂತೆ ಒತ್ತೊತ್ತಾಗಿರುವ ಹೊರಚರ್ಮದ ಕೆರಟಿನೊಸೈಟ್‌ಗಳು. ವಾರ, ಹತ್ತು ದಿನಕ್ಕೆ ಕದಿರಿನಾಕಾರದ ಫೈಬ್ರೋಬ್ಲಾಸ್ಟ್ ಓಡಿ ಬರುತ್ತವೆ. ಅಂಟು ಬಿಡಿಸುವ ಎಂಜೈಮ್ ಟ್ರಿಪ್ಸಿನ್ ಹಾಕಿದಾಗ ಇವು ಎರಡು-ಮೂರು ನಿಮಿಷಕ್ಕೇ ಬಿಡುತ್ತವೆ, ಕೆರಟಿನೊಸೈಟ್ ಇನ್ನೂ ಕಚ್ಚಿಕೊಂಡಿರುತ್ತದೆ. ಆಗಲೇ ನಿಲ್ಲಿಸಿದರೆ ಅರ್ಧ ಶುದ್ಧಿ ಪುಕ್ಕಟೆ. ಪ್ರಯೋಗಕ್ಕೆ ಮೂರರಿಂದ ಆರನೇ ಪ್ಯಾಸೇಜ್ (ಬಿಡಿಸಿ ಹೊಸ ಡಿಶ್‌ಗೆ ಹಾಕಿದ ಸಲ) ಒಳಗಿನವು ಮಾತ್ರ. ಉಳಿದದ್ದನ್ನು 90% ಸೀರಂ, 10% ಡಿಎಂಎಸ್‌ಒದಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ ಲಿಕ್ವಿಡ್ ನೈಟ್ರೋಜನ್‌ಗೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಾಯ್ದಿಡುವುದೂ ಇದರಲ್ಲೇ, ಹಾಗಾಗಿ ಜಿಲ್ಲಾ ಕೇಂದ್ರಗಳಲ್ಲಿ ಇದು ಅಂದುಕೊಂಡಷ್ಟು ಅಪರೂಪದ ವಸ್ತುವಲ್ಲ.

ಊರಿನ ಬಿಸಿ ಇನ್ನೂ ಒಂದು ಕಡೆ ಮೋಸ ಮಾಡುತ್ತದೆ: ಇನ್‌ಕ್ಯುಬೇಟರಿಗೆ ಜೋಡಿಸಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಒಳಗೆ ದ್ರವ ಇರುವವರೆಗೂ ಗೇಜಿನ ಮುಳ್ಳು ಇಳಿಯುವುದಿಲ್ಲ, ಬೆಳಿಗ್ಗೆಗಿಂತ ಮಧ್ಯಾಹ್ನದ ಸೆಕೆಗೆ ಮೇಲೇ ಏರಿರುತ್ತದೆ. ದ್ರವ ಮುಗಿದ ಮೇಲೆ ಮುಳ್ಳು ಬೇಗ ಬೀಳುತ್ತದೆ, ಅದು ಶನಿವಾರ ರಾತ್ರಿಯೂ ಆಗಬಹುದು. ಗೇಜ್ ನಂಬದೆ ಸಿಲಿಂಡರನ್ನು ತೂಕ ಹಾಕಿ ಬರೆದಿಡಿ. ಸೀರಂ, ಕೊಲಾಜೆನ್ ಬೆಂಗಳೂರಿನಿಂದ ತರಿಸುವುದಾದರೆ ಸೋಮವಾರ ಹೊರಡುವಂತೆ ಹೇಳಿ. ಶುಕ್ರವಾರ ಹೊರಟ ಐಸ್ ಡಬ್ಬಿ ಭಾನುವಾರ ಯಾವುದೋ ಗೋಡೌನಿನಲ್ಲಿ ಕೂತಿರುತ್ತದೆ.

ಈಗ ಗೀರು. 24 ಗುಳಿಯ ಪ್ಲೇಟಿನಲ್ಲಿ ಗುಳಿಗೆ ಸುಮಾರು 1 ಲಕ್ಷ ಸೆಲ್, ಮರುದಿನಕ್ಕೆ ಸಂದಿಲ್ಲದಂತೆ ತುಂಬಿರಬೇಕು. ಪ್ಲೇಟಿನ ಅಡಿಯಲ್ಲಿ ಮಾರ್ಕರ್‌ನಿಂದ ಒಂದು ಅಡ್ಡಗೆರೆ, ಪ್ರತಿ ಸಲ ಅದೇ ಜಾಗದ ಫೋಟೋಗಾಗಿ. 200 ಮೈಕ್ರೋಲೀಟರ್ ಟಿಪ್ಪನ್ನು ನೆಟ್ಟಗೆ ಹಿಡಿದು ಒಂದೇ ಎಳೆತ. ಓರೆ ಹಿಡಿದರೆ ಗೀರಿನ ಒಂದು ಬದಿ ಹರಿದ ಬಟ್ಟೆಯಂತಾಗುತ್ತದೆ. ಕಿತ್ತ ಸೆಲ್‌ಗಳನ್ನು ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯದಿದ್ದರೆ ಅವೇ ಗೀರಿನೊಳಗೆ ಮತ್ತೆ ಅಂಟಿ ‘ಮುಚ್ಚಿದಂತೆ’ ತೋರುತ್ತವೆ. ಸೀರಂ 0.5–1%ಗೆ ಇಳಿಸಬೇಕು. 10% ಸೀರಂನಲ್ಲೇ ಬಿಟ್ಟು ಎರಡು ದಿನ ಕಾದರೆ ಸೆಲ್ ನಡೆದು ಬಂದು ಮುಚ್ಚಿತೋ, ಅಲ್ಲೇ ಹುಟ್ಟಿ ಮುಚ್ಚಿತೋ ಹೇಳಲಾಗದು. ಖಚಿತ ಬೇಕಾದರೆ ಗೀರುವ ಮೊದಲು ಮಿಲೀಗೆ 10 ಮೈಕ್ರೋಗ್ರಾಂ ಮೈಟೊಮೈಸಿನ್ ಸಿ ಎರಡು ಗಂಟೆ ಹಾಕಿ ಸೆಲ್ ವಿಭಜನೆ ನಿಲ್ಲಿಸುತ್ತೇನೆ. ಅದು ವಿಷ, ಗ್ಲೌಸ್ ಹಾಕಿಯೇ ಮುಟ್ಟಬೇಕು, ತೊಳೆದ ನೀರು ಸಿಂಕಿಗೆ ಹೋಗಬಾರದು.

ಫೋಟೋ 0, 6, 12, 24 ಗಂಟೆಗೆ. ಚಿತ್ರ ಅಳೆಯುವ ಸಾಫ್ಟ್‌ವೇರ್ ಇಮೇಜ್‌ಜೆಯಲ್ಲಿ ಅಗಲವನ್ನಲ್ಲ, ಖಾಲಿ ಜಾಗದ ವಿಸ್ತೀರ್ಣವನ್ನು ಅಳೆಯಿರಿ. ಸೊನ್ನೆ ಗಂಟೆಯ ಗೀರು ಸರಾಸರಿಗಿಂತ 15% ಹೆಚ್ಚು ಕಡಿಮೆ ಇದ್ದ ಗುಳಿಯನ್ನು ಆಗಲೇ ಬಿಡುತ್ತೇನೆ, ಫಲಿತಾಂಶ ನೋಡಿದ ಮೇಲಲ್ಲ. ಅಳೆಯುವವರಿಗೆ ಯಾವ ಗುಳಿಯಲ್ಲಿ ಏನಿದೆ ಗೊತ್ತಿರಬಾರದು. ಒಬ್ಬರ ಚರ್ಮದ ಸೆಲ್ ಇರುವ ಆರು ಗುಳಿ ಎಂದರೆ ಆರು ಪ್ರಯೋಗವಲ್ಲ, ಒಂದೇ. ಕನಿಷ್ಠ ಮೂವರ ಚರ್ಮವಿಲ್ಲದೆ ನಾನು ಗ್ರಾಫ್ ಎಳೆಯುವುದಿಲ್ಲ.

ಗಿಡದ ಸಾರದ ಬಗ್ಗೆ ಎರಡು ಮಾತು. ಸಾರ ಕರಗಿಸುವ ಡಿಎಂಎಸ್‌ಒ ಕೊನೆಯಲ್ಲಿ 0.1% ದಾಟಬಾರದು, ಕಂಟ್ರೋಲ್ ಗುಳಿಗೂ ಅಷ್ಟೇ ಹಾಕಬೇಕು. ಸೆಲ್ ಬದುಕಿದೆಯೇ ಎಂದು ಎಂಟಿಟಿ ಪರೀಕ್ಷೆ (ಬದುಕಿದ ಸೆಲ್ ಈ ಹಳದಿ ಬಣ್ಣವನ್ನು ನೇರಳೆಯಾಗಿಸುತ್ತದೆ) ಮಾಡುವವರು ಸೆಲ್ಲೇ ಇಲ್ಲದ ಗುಳಿಗೂ ಸಾರ ಮತ್ತು ಎಂಟಿಟಿ ಹಾಕಿ ನೋಡಿ: ಆಂಟಿಆಕ್ಸಿಡೆಂಟ್ ಹೆಚ್ಚಿರುವ ಸಾರ ಸೆಲ್‌ನ ಸಹಾಯವಿಲ್ಲದೆ ತಾನೇ ನೇರಳೆ ಬಣ್ಣ ತರಿಸುತ್ತದೆ. ಅರಿಶಿನದ ಹಳದಿಯಂತೂ ಬಣ್ಣದ ಅಳತೆಗೂ ಫ್ಲೋರೆಸೆನ್ಸ್ ಫೋಟೋಗೂ ಅಡ್ಡ ಬರುತ್ತದೆ.

ಇನ್ನು ಕಲೆ. ಗಾಯವನ್ನು ಎಳೆದು ಮುಚ್ಚುವುದು ಮಯೋಫೈಬ್ರೋಬ್ಲಾಸ್ಟ್; 1971ರಲ್ಲಿ ಗಬ್ಬಿಯಾನಿ ಮತ್ತು ಸಂಗಡಿಗರು ಗುರುತಿಸಿದ, ಸ್ನಾಯುವಿನಂತೆ ಕುಗ್ಗಬಲ್ಲ ಸೆಲ್. ಅದು ಕೆಲಸ ಮುಗಿಸಿ ಹೊರಡದೆ ಉಳಿದರೆ ಕಲೆ ಗಡುಸಾಗುತ್ತದೆ. ಇದಕ್ಕೆ ಇಲಿಯನ್ನು ನಂಬುವುದೂ ಕಷ್ಟ: ಅದರ ಚರ್ಮದಡಿ ಒಂದು ಸ್ನಾಯುಪದರವಿದ್ದು ಗಾಯವನ್ನು ಚೀಲದ ಬಾಯಿ ಬಿಗಿದಂತೆ ಎಳೆದುಬಿಡುತ್ತದೆ. ಗಾಯದ ಸುತ್ತ ಸಿಲಿಕೋನ್ ಉಂಗುರ ಹೊಲಿದರೆ ಮಾತ್ರ ಮನುಷ್ಯರ ಗಾಯದ ಹತ್ತಿರ ಬರುತ್ತದೆ.

ಜೆಲ್ಲಿನ ಲೆಕ್ಕ 5 ಮಿಲೀಗೆ ಹೀಗೆ: ಇಲಿಬಾಲದ ಕೊಲಾಜೆನ್ (ಮಿಲೀಗೆ 3 ಮಿಗ್ರಾಂ) 2.5 ಮಿಲೀ, 10 ಪಟ್ಟು ಗಟ್ಟಿಯ ಡಿಎಂಇಎಂ 0.5 ಮಿಲೀ, ಸ್ಟೆರೈಲ್ ನೀರು 1.44 ಮಿಲೀ, 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಸುಮಾರು 57 ಮೈಕ್ರೋಲೀಟರ್, ಕೊನೆಗೆ 10 ಲಕ್ಷ ಸೆಲ್ ಇರುವ 0.5 ಮಿಲೀ ಮೀಡಿಯಂ. ಕೊಲಾಜೆನ್‌ನ ಗಟ್ಟಿತನ ಲಾಟಿನಿಂದ ಲಾಟಿಗೆ ಬದಲಾಗುತ್ತದೆ, ಬಾಟಲಿ ನೋಡಿಯೇ ಲೆಕ್ಕ ಹಾಕಬೇಕು. ಮಿಶ್ರಣದ ಆಮ್ಲದ ಹಳದಿ ಹೋಗಿ ತಿಳಿಗುಲಾಬಿ ಬಂದರೆ ಸರಿ. ಹಳದಿ ಉಳಿದರೆ ಜೆಲ್ ಕಟ್ಟುವುದಿಲ್ಲ, ಕಡುಗುಲಾಬಿಯಾದರೆ ಸೆಲ್ ಸಾಯುತ್ತದೆ. ಎಲ್ಲವೂ ಐಸಿನ ಮೇಲೆ, ಟಿಪ್ಪುಗಳೂ ಫ್ರಿಜ್ಜಿನಿಂದ. ಬೇಸಿಗೆಯ ಕೋಣೆಯಲ್ಲಿ ಮಾತಾಡುತ್ತ ನಿಂತರೆ ಟ್ಯೂಬಿನಲ್ಲೇ ಹೆಪ್ಪಾಗಿರುತ್ತದೆ. ಗುಳ್ಳೆ ಬರಿಸದೆ ಗುಳಿಗೆ 0.5 ಮಿಲೀ, 37 ಡಿಗ್ರಿಯಲ್ಲಿ 45 ನಿಮಿಷ.

ಜೆಲ್ಲನ್ನು ತಕ್ಷಣ ಬಿಡಿಸಿದರೆ ಅದು ಸಡಿಲವಾಗಿ ತೇಲುತ್ತದೆ, ಸೆಲ್‌ಗೆ ಬಿಗಿತ ಸಿಗುವುದಿಲ್ಲ. ಮಯೋಫೈಬ್ರೋಬ್ಲಾಸ್ಟ್ ಆಗಲು ಸಂಕೇತ ಕೊಡುವ ಪ್ರೋಟೀನ್ ಟಿಜಿಎಫ್-ಬೀಟಾ 1 ಒಂದೇ ಸಾಲದು, ಬಿಗಿತವೂ ಬೇಕು. ಎದೆ, ಭುಜದಂಥ ಎಳೆತದ ಜಾಗದಲ್ಲಿ ಕಲೆ ದಪ್ಪವಾಗುವುದು ನೆನಪಿರಲಿ. ಹಾಗಾಗಿ ಮಿಲೀಗೆ 10 ನ್ಯಾನೋಗ್ರಾಂ ಟಿಜಿಎಫ್ ಹಾಕಿ, ಎರಡು ದಿನ ಅಂಟಿಕೊಂಡೇ ಇರಲು ಬಿಟ್ಟು, ಆಮೇಲೆ ಸಣ್ಣ ಸೂಜಿಯಿಂದ ಅಂಚಿನ ಸುತ್ತ ಬಿಡಿಸುತ್ತೇನೆ. ತಕ್ಷಣ ಒಂದು ಫೋಟೋ, ನಂತರ 1, 6, 24 ಗಂಟೆಗೆ. ಒಂದು ಬದಿ ಗೋಡೆಗೆ ಅಂಟಿಕೊಂಡೇ ಇದ್ದರೆ ‘ಕುಗ್ಗಲಿಲ್ಲ’ ಎಂದು ಕಾಣುತ್ತದೆ. ಪ್ಲೇಟನ್ನು ಮೆಲ್ಲಗೆ ತಟ್ಟಿ, ಜೆಲ್ ಪೂರ್ತಿ ಅಲ್ಲಾಡುತ್ತದೆಯೇ ನೋಡಿ.

ಯಾವುದಾದರೂ ಸಾರ ಹಾಕಿದ ಜೆಲ್ ಕುಗ್ಗದೆ ಉಳಿದರೆ ಖುಷಿಪಡುವ ಮೊದಲು ಅದೇ ಜೆಲ್ಲನ್ನು ಮಿಲೀಗೆ 1 ಮಿಗ್ರಾಂ ಕೊಲಾಜಿನೇಸ್‌ನಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಕರಗಿಸಿ, ಟ್ರಿಪಾನ್ ಬ್ಲೂ ಹಾಕಿ ಎಣಿಸಿ. ನೀಲಿಯಾದವು ಸತ್ತ ಸೆಲ್. ಸತ್ತ ಸೆಲ್ ಜೆಲ್ಲನ್ನು ಎಳೆಯುವುದಿಲ್ಲ.